ಫೈನ್ ಅಂದ್ರೆ ಚೆನ್ನಾಗಿದೆ ಅಂತಾನಾ, ದಂಡ ಅಂತಾನಾ?

ಅಮ್ಮನಿಗೆ ಈಗ ಅರವತ್ತೆರಡು. ಮೂರು ತಿಂಗಳಿಂದ ಇಂಗ್ಲಿಷ್ ಕಲಿಯುತ್ತಿದ್ದಾರೆ. ಮೇಷ್ಟ್ರು ಯಾರೂ ಇಲ್ಲ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಗ್ಗೆ ಗುಲಾಬಿ ಹೂವಿನ ಜೊತೆ ಹತ್ತು ಪದ, ಹತ್ತು ಅರ್ಥ ಬರುತ್ತವಲ್ಲ, ಅವನ್ನೇ ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದರಲ್ಲಿ ಒಂದು ಸಾಲು: ಫೈನ್ - ಚೆನ್ನಾಗಿದೆ.

ಹೋದ ವಾರ ನಾನು ವಿಜಯನಗರದ ಹತ್ತಿರ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ಐನೂರು ರೂಪಾಯಿ ಫೈನ್ ಕಟ್ಟಿ ಬಂದೆ. ಅಮ್ಮ ಕೇಳಿದರು, "ಅಲ್ಲ ಕಣೋ, ಚೆನ್ನಾಗಿದೆ ಅಂದ್ಬಿಟ್ಟು ದುಡ್ಡು ಯಾಕೋ ಕಿತ್ಕೊಂಡ್ರು?"

ನಕ್ಕೆ. ಆದರೆ ತಪ್ಪು ಅಮ್ಮನದಲ್ಲ. ಒಂದು ಪದಕ್ಕೆ ಒಂದೇ ಅರ್ಥ ಬರೆದು ಕೈತೊಳೆದುಕೊಳ್ಳುವ ಈ ಪಟ್ಟಿಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಒಂದು ವಾಕ್ಯ ಜೊತೆಗೆ ಹಾಕಿದರೆ ಗಂಟೇನು ಹೋಗುತ್ತೆ?

ಇದೇ ಫೈನ್ ಹಿಟ್ಟಿನ ವಿಷಯಕ್ಕೆ ಬಂದರೆ ನುಣ್ಣಗೆ ಅಂತಾಗುತ್ತದೆ. ನಾವು ಅಲ್ಲಿ ಫೈನ್ ಬಿಟ್ಟು ನೈಸ್ ಹಿಡಿದಿದ್ದೇವೆ. ಉದ್ದಿನಬೇಳೆ ನೈಸಾಗಿ ರುಬ್ಬಬೇಕು, ಬಿಲ್ ಬಂದಾಗ ನೈಸಾಗಿ ಜಾರಿಕೊಳ್ಳಬೇಕು! ಇಂಗ್ಲಿಷಿನವರ ನೈಸ್‌ಗೆ ಈ ಎರಡು ಕೆಲಸವೂ ಗೊತ್ತಿಲ್ಲ.

ಬೈ ಅಂದ್ರೆ 'ಇಂದ' ಅಂತ ಬರೆದುಕೊಂಡಿದ್ದಾರೆ. ಸರಿ, ಗಾಂಧಿಬಜಾರಿನ ದರ್ಶಿನಿಯಲ್ಲಿ ಬೈ ಟೂ ಕಾಫಿ ಅಂದಾಗ 'ಇಂದ' ಎಲ್ಲಿ ಹೋಯಿತು? ಅದು ಸ್ಕೂಲಿನ ಭಿನ್ನರಾಶಿ, ಒನ್ ಬೈ ಟೂ. ಒಂದು ಕಾಫಿ, ಎರಡು ಲೋಟ. ಇಂಗ್ಲೆಂಡಿನಲ್ಲಿ ಆ ಲೆಕ್ಕಕ್ಕೆ ಹಾಫ್ ಅನ್ನುತ್ತಾರೆ, ಅಲ್ಲಿ ಬೈ ಟೂ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ.

ಕರೆಂಟ್ ಅಂದ್ರೆ ಮೂಲದಲ್ಲಿ ಹರಿವು, ಹೊಳೆಗೂ ಅದೇ ಪದ. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದ್ದು ಶಿವನಸಮುದ್ರದ ಕಾವೇರಿ ನೀರಿನಿಂದಲೇ. ಈಗ ಕರೆಂಟ್ ಹೋಯ್ತು ಅಂದರೆ ಯಾರಿಗೆ ಹೊಳೆ ನೆನಪಾಗುತ್ತೆ ಹೇಳಿ.

ನಾನೇನು ಜಾಣನಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಇಂಗ್ಲೆಂಡಿನ ಕ್ಲೈಂಟ್‌ಗೆ 'ಐ ಹ್ಯಾವ್ ಎ ಡೌಟ್' ಅಂತ ಮೇಲ್ ಹಾಕಿದ್ದೆ. ನನಗಿದ್ದದ್ದು ಒಂದು ಚಿಕ್ಕ ಪ್ರಶ್ನೆ. ಅವರಿಗೆ ಅದು ಅನುಮಾನ ಅಂತ ಕೇಳಿಸಿದೆ, ಪಾಪ, ಅರ್ಧ ಗಂಟೆ ಕಾಲ್ ಮಾಡಿ ತಮ್ಮ ಲೆಕ್ಕ ಸರಿಯಿದೆ ಅಂತ ಸಮಜಾಯಿಷಿ ಕೊಟ್ಟರು. ಕ್ಲಾಸಿನಲ್ಲಿ 'ಮಿಸ್, ಡೌಟು' ಅಂತ ಕೈ ಎತ್ತಿ ಬೆಳೆದವರು ನಾವು, ಅಲ್ವಾ?

ನಿನ್ನೆ ಅಮ್ಮನ ಪುಸ್ತಕ ತೆಗೆದು ನೋಡಿದೆ. ಫೈನ್ ಮುಂದೆ ಪೆನ್ಸಿಲಿನಲ್ಲಿ ಸೇರಿಸಿದ್ದಾರೆ: ಪೊಲೀಸ್ ಹೇಳಿದರೆ ಐನೂರು.