ಬಣ್ಣ ನೋಡಿ ಹೆಸರು ಹೇಳಬೇಡಿ

ಗಿಡ್ಡ ಮಿಡತೆಗಳ (ಪಿಗ್ಮಿ ಗ್ರಾಸ್‌ಹಾಪರ್ ಎಂಬ ಪುಟ್ಟ ಮಿಡತೆಗಳು) ಬಗ್ಗೆ ಒಂದು ಲೇಖನ ಓದಿದೆ. ಅವುಗಳ ಜಾತಿಯನ್ನು ಬೆನ್ನಿನ ಬಣ್ಣ, ಮಚ್ಚೆ ನೋಡಿ ಹೇಳಬಹುದು ಎಂದು ಅದರಲ್ಲಿದೆ. ಅದೊಂದು ಮಾತು ನಾನು ಒಪ್ಪುವುದಿಲ್ಲ. ನಮ್ಮ ಖಾನಾಪುರದಲ್ಲಿ ಮಲಪ್ರಭೆಯ ದಂಡೆಯ ಹಸಿ ಮಣ್ಣಲ್ಲಿ ಇವು ಸಿಗುತ್ತವೆ. ಹೋದ ವರ್ಷ ಒಂದೇ ಕಲ್ಲಿನ ಮೇಲೆ ಮೂರು ಕೂತಿದ್ದವು. ಒಂದು ಬೂದಿ ಬಣ್ಣ, ಒಂದು ಕೆಮ್ಮಣ್ಣಿನ ಬಣ್ಣ, ಇನ್ನೊಂದರ ಬೆನ್ನಲ್ಲಿ ಎರಡು ಕಪ್ಪು ಚುಕ್ಕೆ. ಲೆನ್ಸ್ ಹಿಡಿದು ನೋಡಿದರೆ ಮೂರರ ಆಕಾರವೂ ಒಂದೇ! ಒಂದೇ ಜಾತಿಯಲ್ಲಿ ಬಣ್ಣ ಅಷ್ಟು ಬದಲಾಗುತ್ತದೆ.

ಇವನ್ನು ಬೇರೆ ಮಿಡತೆಯ ಮರಿ ಎಂದುಕೊಂಡು ಮೋಸ ಹೋಗುವವರೂ ಜಾಸ್ತಿ. ಗಿಡ್ಡ ಮಿಡತೆಯಲ್ಲಿ ಕುತ್ತಿಗೆಯ ಹಿಂದಿನ ಕವಚ ಹೊಟ್ಟೆಯ ಮೇಲೆ ಹಿಂದಕ್ಕೆ ಚಾಚಿಕೊಂಡು ಚೂಪಾಗಿರುತ್ತದೆ. ಮುಂದಿನ ರೆಕ್ಕೆ ಬರೀ ಚಿಕ್ಕ ಚಿಪ್ಪು. ಇಷ್ಟು ಖಾತ್ರಿಯಾದ ಮೇಲೆ ಜಾತಿ ಹುಡುಕಿ. ಕಣ್ಣುಗಳ ನಡುವಿನ ನೆತ್ತಿ ಒಂದು ಕಣ್ಣಿಗಿಂತ ಅಗಲವೋ ಕಿರಿದೋ? ಮೀಸೆ ಕಣ್ಣಿನ ಯಾವ ಮಟ್ಟದಲ್ಲಿ ಹುಟ್ಟಿದೆ? ಕವಚದ ನಡುಗೆರೆ ಎದ್ದಿದೆಯೋ, ಪಕ್ಕದಲ್ಲಿ ಮುಳ್ಳಿದೆಯೋ? ಕವಚದ ಉದ್ದ ಮಾತ್ರ ನಂಬಬೇಡಿ, ಎಷ್ಟೋ ಜಾತಿಗಳಲ್ಲಿ ಗಿಡ್ಡದ್ದೂ ಉದ್ದದ್ದೂ ಎರಡೂ ಇರುತ್ತವೆ. ಮೇಲಿಂದ ತೆಗೆದ ಒಂದು ಫೋಟೋ ಸಾಲದು. ಪಕ್ಕದಿಂದ, ಮುಖದ ಎದುರಿನಿಂದಲೂ ದಯವಿಟ್ಟು ತೆಗೆಯಿರಿ.