ಸ್ಪ್ರಿಂಗಿಗೆ ಶಕ್ತಿ ಎಲ್ಲಿಂದ ಬಂತು ಮಾವಾ?

ಮೊನ್ನೆ ಆದಿತ್ಯವಾರ ಅಕ್ಕನ ಮಗ ಬದಿಯಡ್ಕದಿಂದ ನಮ್ಮಲ್ಲಿಗೆ ಬಂದಿದ್ದ, ಪ್ಲಸ್ ಟು ಸಯನ್ಸು. ಹೊರಗೆ ಕಾಲಿಡ್ಲಿಕ್ಕೆ ಆಗದ ಮಳೆ, ಮೊಬೈಲ್ ಹಿಡ್ಕೊಂಡು ಕೂತವನಿಗೆ ನಾನೇ ಒಂದು ಲೆಕ್ಕ ಕೊಟ್ಟೆ. ಸೈನು ಕೊಸೈನು ಎಲ್ಲ ಬಿಡು, ಸ್ಪ್ರಿಂಗಿಗೆ ಕಟ್ಟಿದ ತೂಕ ಎಷ್ಟು ದೂರ ಹೋಗಿದೆಯೋ ಅಷ್ಟೇ ಆಕ್ಸಿಲರೇಶನ್ (ವೇಗ ಬದಲಾಗುವ ದರ) ಹಿಂದಕ್ಕೆ ಅಂತ ಇಟ್ಕೋ, 1 ಮೀಟರ್ ಎಳೆದು ಬಿಡು, 0.1 ಸೆಕೆಂಡಿಗೊಮ್ಮೆ ಎಲ್ಲಿರ್ತದೆ, ವೇಗ ಎಷ್ಟು ಅಂತ ಸ್ಪ್ರೆಡ್‌ಶೀಟಿನಲ್ಲಿ ಬರಿ ಅಂದೆ. ಎರಡೇ ಸಾಲಿನ ಕೆಲಸ. ಹಳೇ ಜಾಗಕ್ಕೆ ಹಳೇ ವೇಗದ 0.1 ಪಾಲು ಸೇರಿಸುವುದು, ಹಳೇ ವೇಗದಿಂದ ಹಳೇ ಜಾಗದ 0.1 ಪಾಲು ಕಳೆಯುವುದು. ಗಣಿತಜ್ಞ ಆಯ್ಲರ್ ಹದಿನೆಂಟನೇ ಶತಮಾನದಲ್ಲೇ ಕೊಟ್ಟ ದಾರಿ ಇದು.

ಹುಡುಗ 100 ಸಾಲು ಎಳೆದ. ಎನರ್ಜಿ ಎಷ್ಟಾಗಿದೆ ನೋಡು ಅಂದ್ರೆ ಶುರುವಿನ 2.7 ಪಟ್ಟು! ಮುಖ ಸಣ್ಣ ಮಾಡಿ "ಮಾವಾ, ನಾನು ಎಲ್ಲೋ ತಪ್ಪಿದೆ, ಸ್ಪ್ರಿಂಗಿಗೆ ಶಕ್ತಿ ಎಲ್ಲಿಂದ ಬಂತು?" ಅಂತ ಕೇಳಿದ. ಅವನು ತಪ್ಪಿರಲಿಲ್ಲ. ಈ ಪ್ರಶ್ನೆಗೋಸ್ಕರವೇ ನಾನು ಅದನ್ನು ಕೊಟ್ಟದ್ದು.

ಜಾಗವನ್ನು ಅಡ್ಡಕ್ಕೆ, ವೇಗವನ್ನು ನೆಟ್ಟಗೆ ಇಟ್ಟು ಚಿತ್ರ ಬರೆದ್ರೆ ನಿಜವಾದ ಸ್ಪ್ರಿಂಗು ಒಂದು ವೃತ್ತದಲ್ಲೇ ಸುತ್ತಬೇಕು. ನಮ್ಮ ಲೆಕ್ಕ ಪ್ರತಿ ಹೆಜ್ಜೆಗೂ ಆಗ ಇರುವ ವೃತ್ತಕ್ಕೆ ಸ್ಪರ್ಶಕ ಎಳೆದು ಅದರ ಮೇಲೆ ನಡೀತದೆ, ಸ್ಪರ್ಶಕದ ಮೇಲೆ ನಡೆದವ ವೃತ್ತದ ಹೊರಗೇ ಬೀಳ್ತಾನೆ, ನಡುವಿನಿಂದ ಇರುವ ದೂರದ ವರ್ಗವೇ ಇಲ್ಲಿ ಎನರ್ಜಿಯ ಅಳತೆ, ಪೈಥಾಗೊರಸ್ ಹಾಕಿ ನೋಡಿದ್ರೆ ಪ್ರತಿ ಸಲ ಎನರ್ಜಿ 1.01 ಪಟ್ಟು, ನೂರು ಸಲ ಗುಣಿಸಿದ್ರೆ 2.7. ಪೆನ್ಸಿಲಿನಲ್ಲಿ ಬರೆದು ತೋರಿಸಿದಾಗ ಅವನ ಕಣ್ಣು ಅರಳಿದ್ದು ನೋಡ್ಬೇಕಿತ್ತು.

ಆಮೇಲೆ ಒಂದೇ ಒಂದು ಬದಲಾವಣೆ. ಮೊದಲು ವೇಗ ಲೆಕ್ಕ ಮಾಡು, ಆ ಹೊಸ ವೇಗದಿಂದಲೇ ಜಾಗ ಲೆಕ್ಕ ಮಾಡು. ಅಷ್ಟೇ. ಎನರ್ಜಿ ಶೇಕಡಾ 5ರಷ್ಟು ಮೇಲೆ ಕೆಳಗೆ ಆಗ್ತಾ ಇರ್ತದೆ, ಆದ್ರೆ ಸಾವಿರ ಸಾಲು ಎಳೆದ್ರೂ ಓಡಿ ಹೋಗುವುದಿಲ್ಲ. ಇದನ್ನು ಪ್ರೋಗ್ರಾಮಿಂಗಿನ ಟ್ರಿಕ್ ಅಂತ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಚಲನೆಯನ್ನು ಇಂಥ ಚಿತ್ರದಲ್ಲೇ ನೋಡುವ ಹ್ಯಾಮಿಲ್ಟನ್ನನ ಮೆಕ್ಯಾನಿಕ್ಸಿನಲ್ಲಿ, ಚಿತ್ರದಲ್ಲಿ ಗುರುತಿಸಿದ ಒಂದು ತುಂಡಿನ ವಿಸ್ತೀರ್ಣ ಕಾಲ ಕಳೆದ ಹಾಗೆ ಬದಲಾಗುವುದಿಲ್ಲ, ಎರಡನೇ ಲೆಕ್ಕ ಆ ಗುಣವನ್ನು ಹಾಗೇ ಉಳಿಸ್ತದೆ, ಮೊದಲನೆಯದ್ದು ಉಳಿಸುವುದಿಲ್ಲ. ಗ್ರಹಗಳ ಲೆಕ್ಕ, ಅಣುಗಳ ಲೆಕ್ಕ ಮಾಡುವವರು ಇದೇ ಕುಟುಂಬದ ವಿಧಾನ ಹಿಡಿಯುವುದು ಇದಕ್ಕೇ, 1967ರಲ್ಲಿ ವೆರ್ಲೆ ಎಂಬ ಭೌತವಿಜ್ಞಾನಿ 864 ಕಣಗಳ ಆರ್ಗಾನನ್ನು ಕಂಪ್ಯೂಟರಿನಲ್ಲಿ ಓಡಿಸಿದ್ದೂ ಹೀಗೆಯೇ.

ನಾನು ಡಿಗ್ರಿ ಓದುವಾಗ ಮೆಕ್ಯಾನಿಕ್ಸ್ ಒಂದು ಪೇಪರು, ನ್ಯೂಮರಿಕಲ್ ಮೆಥಡ್ಸ್ ಇನ್ನೊಂದು ಪೇಪರು, ಒಂದನ್ನೊಂದು ಮುಟ್ಟಲೇ ಇಲ್ಲ, ಅದು ನನಗೆ ಇವತ್ತಿಗೂ ಬೇಸರ. ಸಿಂಪಲ್ ಪೆಂಡುಲಮ್ಮಿಗೆ ಸಣ್ಣ ಕೋನ ಅಂತ ಹೇಳಿ ಫಾರ್ಮುಲಾ ಕೊಟ್ಟು ಮುಗಿಸಿದ್ರು. ಕೋನ ದೊಡ್ಡದಾದ್ರೆ ಎಂತ ಅಂತ ಕೇಳಿದ್ದಕ್ಕೆ ಅದು ನಿಮಗೆ ಪರೀಕ್ಷೆಗಿಲ್ಲ ಅಂದ್ರು. ಹಾಗಾಗಿ ಮೊನ್ನೆ ಆದಿತ್ಯವಾರ ಸಂಜೆ ನಾನೂ ಹುಡುಗನೂ ಸೇರಿ ಮಾಡಿನ ಪಕ್ಕಾಸಿಗೆ ಒಂದು ಮೀಟರ್ ನೂಲು ಕಟ್ಟಿ ಕಬ್ಬಿಣದ ನಟ್ಟು ನೇತು ಹಾಕಿದೆವು. ಫಾರ್ಮುಲಾ ಪ್ರಕಾರ ಒಂದು ಓಲಾಟಕ್ಕೆ 2.01 ಸೆಕೆಂಡು. 60 ಡಿಗ್ರಿಯಿಂದ ಬಿಟ್ರೆ ನಮ್ಮ ಸ್ಪ್ರೆಡ್‌ಶೀಟು ಹೇಳುವುದು ಸುಮಾರು 2.15. ಹತ್ತು ಓಲಾಟ ಮೊಬೈಲಿನಲ್ಲಿ ಅಳೆದಾಗ 21 ಸೆಕೆಂಡು ದಾಟಿತು. ಗಾಳಿಗೆ ಓಲಾಟ ಸಣ್ಣದಾಗ್ತಾ ಬರ್ತದೆ, ಹಾಗಾಗಿ ಪೂರ್ತಿ 21.5 ಬರ್ಲಿಕ್ಕಿಲ್ಲ ಅಂತ ಅವನೇ ಹೇಳಿದ.

ಕಂಪ್ಯೂಟರ್ ಇಲ್ಲದೆ ಇದೆಲ್ಲ ಆಗ್ಲಿಕ್ಕಿಲ್ಲ ಅಂತ ಅಧ್ಯಾಪಕರೇ ಹೇಳುವುದುಂಟು. ಹ್ಯಾಲಿ ಧೂಮಕೇತು ಯಾವಾಗ ಬರ್ತದೆ ಅಂತ ಫ್ರಾನ್ಸಿನ ಕ್ಲೇರೋ, ಲಲಾಂದ್ ಮತ್ತೆ ನಿಕೋಲ್ ರೇನ್ ಲೆಪೋತ್ ಎಂಬ ಹೆಂಗಸು ತಿಂಗಳುಗಟ್ಟಲೆ ಕೂತು ಗುರು ಶನಿಗಳ ಎಳೆತವನ್ನು ಹೆಜ್ಜೆ ಹೆಜ್ಜೆಯಾಗಿ ಕೈಯಲ್ಲೇ ಲೆಕ್ಕ ಹಾಕಿದ್ರು, 1759ರ ಏಪ್ರಿಲ್ ನಡುವಿಗೆ ಸೂರ್ಯನ ಹತ್ತಿರ ಬರ್ತದೆ, ಒಂದು ತಿಂಗಳು ಆಚೆ ಈಚೆ ಆಗಬಹುದು ಅಂದ್ರು, ಮಾರ್ಚ್ 13ಕ್ಕೆ ಬಂತು. 76 ವರ್ಷದ ದಾರಿಯಲ್ಲಿ ಒಂದು ತಿಂಗಳು! ನಮ್ಮ ಕಾಸರಗೋಡಿನ ಮಕ್ಕಳ ಕೈಯಲ್ಲಿ ಮೊಬೈಲುಂಟು, ಶಾಲೆಯಲ್ಲಿ ಕಂಪ್ಯೂಟರ್ ಉಂಟು. ಹತ್ತನೇವರೆಗೆ ಕನ್ನಡದಲ್ಲಿ ಓದಿ ಪ್ಲಸ್ ವನ್ನಿಗೆ ಹೋಗಿ ಇಂಗ್ಲಿಷಿನ ಎದುರು ಮಾತೇ ನಿಂತು ಹೋಗುವ ಮಕ್ಕಳಿಗೆ ಇದು ಇನ್ನೂ ಹೆಚ್ಚು ಬೇಕು, ಯಾಕಂದ್ರೆ ಇಲ್ಲಿ ಭಾಷೆ ಅಡ್ಡ ಬರುವುದಿಲ್ಲ, ಸಂಖ್ಯೆ ತಪ್ಪಿದ್ರೆ ಕಣ್ಣೆದುರೇ ಕಾಣ್ತದೆ.

ನಿನ್ನೆ ರಾತ್ರಿ ಹುಡುಗನ ಫೋನು. ಸ್ಪ್ರಿಂಗಿನ ಎರಡನೇ ಲೆಕ್ಕದಲ್ಲಿ 0.1ರ ಬದಲು ಹೆಜ್ಜೆಯನ್ನು ದೊಡ್ಡದು ಮಾಡ್ತಾ ಹೋಗಿದ್ದಾನೆ. 1.9ರಲ್ಲಿ ಅಂಕಿಗಳು ಎಲ್ಲೆಲ್ಲೋ ಹಾರಿದ್ರೂ ಒಂದು ಮಿತಿಯೊಳಗೇ ಇದ್ದವಂತೆ, 2.1ಕ್ಕೆ ಏರಿಸಿದ ಕೂಡ್ಲೇ ಎಲ್ಲ ಕೈ ಬಿಟ್ಟು ಹೋಯ್ತಂತೆ. "ಎರಡರಲ್ಲಿ ಎಂತ ಉಂಟು ಮಾವಾ?" ಹೇಳಲಿಲ್ಲ ನಾನು. ಶನಿವಾರ ಬರ್ತಾನೆ, ಪೆನ್ಸಿಲು ಚೂಪು ಮಾಡಿಟ್ಟಿದ್ದೇನೆ.