ಗುಮ್ಮನಗುಸಕನ ಅಳಲು

ಅಜ್ಜಿ ನನ್ನನ್ನು 'ಮುಖೇಡಿ' ಅನ್ನುತ್ತಿದ್ದಳು. ದೊಡ್ಡಮ್ಮನಿಗೆ ನಾನು 'ಗುಮ್ಮನಗುಸಕ'. ಅತ್ತೆ ಮಗಳು ಈಗಲೂ 'ಮೌನಗೌರಿ' ಅಂತಾಳೆ, ನನ್ನ ಮೀಸೆ ನರೆತಿದ್ದರೂ. ಧಾರವಾಡದ ಭಾವ ಮಾತ್ರ ನೇರ ಮನುಷ್ಯ: "ಭಾಳ ಸೊಕ್ಕೈತಿ ನಿನಗ."

ಸುಮ್ನೆ ಮೂಲೆಯಲ್ಲಿ ಕೂರುವವನಿಗೆ ಕನ್ನಡದಲ್ಲಿ ಹೆಸರಿಗೇನೂ ಬರವಿಲ್ಲ. ಆದರೆ ಊರಿಗೆಲ್ಲ ತೊಂದರೆ ಕೊಡುವವನಿಗೆ? ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರೆ 'ಚುರುಕು'. ಸ್ಪೀಕರ್ ಹಾಕಿಕೊಂಡು ತನ್ನ ಸೈಟಿನ ವ್ಯಾಜ್ಯವನ್ನು ಇಡೀ ಬಸ್ಸಿಗೆ ಕೇಳಿಸಿದರೆ 'ಪಾಪ, ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ'. ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿದವನನ್ನು ಕೇಳಿದರೆ, "ಎರಡೇ ನಿಮಿಷ, ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್." ಮಾಡಿಕೊಳ್ಳದಿದ್ದರೆ ಧಿಮಾಕು ನನಗೆ!

ಇವರೆಲ್ಲರಿಗಿಂತ ಮೇಲಿನವನು ಮದುವೆ ಊಟದಲ್ಲಿ ಕುರ್ಚಿ ಹಿಂದೆ ನಿಲ್ಲುವವನು. ಅವನಿಗೊಂದು ಪದ ಬೇಕೇ ಬೇಕು. ಕಿಟ್ಟೆಲ್ ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಅಚ್ಚಾದದ್ದು 1894ರಲ್ಲಿ. ಆಗ ಪಂಕ್ತಿ ನೆಲದ ಮೇಲೆ. ಹಿಡಿದುಕೊಂಡು ನಿಲ್ಲಲು ಕುರ್ಚಿ ಎಲ್ಲಿತ್ತು?

ಹೋದ ತಿಂಗಳು ಹಾಸನದಲ್ಲಿ ಮದುವೆ. ಕೋಸಂಬರಿ ಬಾಯಿಗಿಟ್ಟಿದ್ದೆ ಅಷ್ಟೇ, ಕುರ್ಚಿ ಅಲುಗಿತು. ತಿರುಗಿ ನೋಡಲಿಲ್ಲ. ನೋಡಿದರೆ ನಗಬೇಕಾಗುತ್ತದೆ, ನಕ್ಕರೆ ಎಲ್ಲಿಯವರು ಅಂತ ಕೇಳುತ್ತಾರೆ. ಹಿಂದಿದ್ದವರು ನನ್ನ ಎಲೆಯ ಲೆಕ್ಕ ಇಡುತ್ತಿದ್ದರು. "ಸಾರು ಆಯ್ತು. ಹುಳಿ ಬಂತು. ಹುಳಿಗೆ ಅನ್ನ ಜಾಸ್ತಿ ಹಾಕಿಸ್ಕೊಂಡ್ರಲ್ಲ..." ಯಾರಿಗೆ ಹೇಳುತ್ತಿದ್ದರೋ. ಅವರ ಹೊಟ್ಟೆ ನನ್ನ ಭುಜಕ್ಕೆ ತಾಗುತ್ತಿತ್ತು. ಬಡಿಸುವ ಹುಡುಗ ಹೋಳಿಗೆ ತಟ್ಟೆ ಹಿಡಿದು ಸಾಲಿನ ಆ ತುದಿಯಲ್ಲಿದ್ದ. ನನಗಿಂತ ಮುಂಚೆ ಇನ್ನೂ ಹನ್ನೊಂದು ಎಲೆ. ನಾನೂ ಎಣಿಸಿದ್ದೆ.

ಅಷ್ಟರಲ್ಲಿ ಕರ್ಚೀಫೊಂದು ನನ್ನ ಎಲೆಯ ಪಕ್ಕ ಬಂದು ಕೂತಿತು. ರಿಸರ್ವೇಶನ್! "ಇನ್ನೂ ಹೋಳಿಗೆ ಬಂದಿಲ್ಲ ಸ್ವಾಮಿ" ಅಂತ ಗಟ್ಟಿಯಾಗಿ ಅನ್ನೋಣ ಅಂದುಕೊಂಡೆ. ಆದರೆ ನನಗೆ ದಾಕ್ಷಿಣ್ಯದ ಕಾಯಿಲೆ. ಹುಳಿಯನ್ನವನ್ನು ಗಬಗಬ ನುಂಗಿ ಎದ್ದೆ. ಆ ಆತುರದಲ್ಲಿ ಅವರ ಕರ್ಚೀಫಿಗೇ ಕೈ ಒರೆಸಿಬಿಟ್ಟೆ. ಬೇಕಂತ ಅಲ್ಲ. ಪೂರ್ತಿ ಬೇಡ ಅಂತಲೂ ಅಲ್ಲ.

ಕೈ ತೊಳೆಯುವ ಕಡೆ ದೊಡ್ಡಮ್ಮ ಕಾದಿದ್ದಳು.

"ಏನೋ ನೀನು, ಅವರು ಹುಡುಗನ ಸೋದರಮಾವ ಕಣೋ! ಎಷ್ಟು ಬೆರೆಯೋ ಮನುಷ್ಯ. ನೀನು ಉಂಡು ಏಳೋವರೆಗೂ ಪಕ್ಕದಲ್ಲೇ ನಿಂತು ಉಪಚಾರ ಮಾಡಿದ್ರು. ಒಂದ್ಸಲ ತಿರುಗಿ ನೋಡೋಕೂ ಆಗಲ್ವಾ, ಗುಮ್ಮನಗುಸಕ?"

ನಾನು ಪಂಕ್ತಿ ಕಡೆ ತಿರುಗಿ ನೋಡಿದೆ. ಸೋದರಮಾವನ ಎಲೆಗೆ ಎರಡನೇ ಹೋಳಿಗೆ ಬೀಳುತ್ತಿತ್ತು.